ಹೊಸದೆಂದು ಮಾರಿದ ಹಳೇ ಹೊಗೆ ಅಲಾರಂ ಬಗ್ಗೆ ದೂರು

ಇವರಿಂದ:
ನಿವೃತ್ತ ಗಿರಣಿ ನೌಕರ, ವಿದ್ಯಾನಗರ, ದಾವಣಗೆರೆ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ದಿನಾಂಕ: 20-01-2025

ವಿಷಯ: ಎರಡು ತಿಂಗಳಿಂದ ಕೂಗುತ್ತಿರುವ ಹೊಗೆ ಅಲಾರಂಗಳನ್ನು ವಾಪಸ್ ಪಡೆದು ಹೊಸದು ಕೊಡುವ ಬಗ್ಗೆ.

ಮಾನ್ಯರೇ,

2024ರ ಜೂನ್ 12ರಂದು ನಿಮ್ಮಿಂದ ನಾಲ್ಕು ಹೊಗೆ ಅಲಾರಂ ಹಾಕಿಸಿಕೊಂಡೆ. ಹಾಲ್‌ಗೆ ಒಂದು, ಎರಡು ರೂಮಿಗೆ ಒಂದೊಂದು, ಅಡುಗೆಮನೆ ಹೊರಗಿನ ಪ್ಯಾಸೇಜಿಗೆ ಒಂದು. ಫಿಟ್ಟಿಂಗ್ ಸೇರಿ 11,800 ರೂಪಾಯಿ, ಎರಡು ವರ್ಷ ವಾರಂಟಿ. ದುಡ್ಡು ಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಮಗ. ನಾನು ಬೇಡ ಎನ್ನಲಿಲ್ಲ. ಹತ್ತಿ ಗಿರಣಿಯ ಬ್ಲೋ ರೂಮಿನಲ್ಲಿ ಕೆಲಸ ಮಾಡಿದವನು ನಾನು. ಅರಳೆ ಬಿಡಿಸುವಾಗ ಯಂತ್ರಕ್ಕೆ ಒಂದು ಕಬ್ಬಿಣದ ಚೂರು ಸಿಕ್ಕರೆ ಸಾಕು, ಕಿಡಿ ಹಾರುತ್ತದೆ. ಬೆಂಕಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ನವೆಂಬರ್ ಎರಡನೇ ವಾರದಲ್ಲಿ ಒಂದು ರಾತ್ರಿ ನಾಲ್ಕು ಗಂಟೆಗೆ 'ಟೀಕ್' ಅಂತ ಒಂದು ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ 'ಟೀಕ್'. ಯಾವುದು ಕೂಗುತ್ತಿದೆ ಎಂದು ಪತ್ತೆ ಹಚ್ಚುವುದೇ ಕಷ್ಟ. ಸದ್ದು ಎಷ್ಟು ಚಿಕ್ಕದೆಂದರೆ ಎದ್ದು ಹೋಗುವಷ್ಟರಲ್ಲಿ ನಿಂತಿರುತ್ತದೆ. ಕೊನೆಗೆ ಒಂದೊಂದು ಅಲಾರಂ ಕೆಳಗೂ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಕೂತೆ. ಪ್ಯಾಸೇಜಿನದು 40 ಸೆಕೆಂಡಿಗೊಮ್ಮೆ. ವಾರ ಕಳೆಯುವಷ್ಟರಲ್ಲಿ ಹಾಲಿನದೂ ಜೊತೆಗೂಡಿತು. ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದ, "ಏನ್ರೀ, ಮನೆಯಾಗ ಗುಬ್ಬಿ ಸಾಕೀರೇನು?" ಎಂದು ಕೇಳಿದರು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ ಎನ್ನುತ್ತದೆ. ಕನ್ನಡಕ್ಕೆ ಯಾವುದನ್ನು ಒತ್ತಬೇಕೋ ಹೇಳುವುದಿಲ್ಲ. ಅದು ಬೇರೆ ದೂರು, ಇನ್ನೊಮ್ಮೆ ಬರೆಯುತ್ತೇನೆ.

ಮೊದಲ ಸಲ, "ಸರ್, ಬ್ಯಾಟರಿ ವೀಕ್ ಆಗಿದೆ, ಬದಲಿಸಿ" ಎಂದರು. ನಂಬಿದೆ. ಬ್ಯಾಟರಿ ಇಳಿದಿದ್ದರೆ ಚಳಿಗೆ ಅದರ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ಅದಕ್ಕೇ ಬೆಳಗಿನ ಜಾವ ಕೂಗುವುದು ಎಂಬ ವಿವರಣೆಯೂ ಸರಿಯಾಗಿಯೇ ಇತ್ತು. ಅಶೋಕ ರಸ್ತೆಗೆ ಹೋಗಿ ಒಳ್ಳೆ ಕಂಪನಿಯ 9 ವೋಲ್ಟ್ ಬ್ಯಾಟರಿ ನಾಲ್ಕು ತಂದು ಹಾಕಿದೆ. ಅವತ್ತು ರಾತ್ರಿಯೂ ಕೂಗಿತು. ಎರಡನೇ ಸಲ, ಹಳೇ ಚಾರ್ಜ್ ಒಳಗೆ ಉಳಿದಿರುತ್ತದೆ, ಬ್ಯಾಟರಿ ತೆಗೆದು ಟೆಸ್ಟ್ ಬಟನ್ 20 ಸೆಕೆಂಡು ಒತ್ತಿಹಿಡಿದು ಮತ್ತೆ ಹಾಕಿ ಎಂದರು. ಹಾಗೇ ಮಾಡಿದೆ. ಮೂರನೇ ಸಲ ಧೂಳು, ಜೇಡ ಇರಬಹುದು ಎಂದರು. ಮೊಮ್ಮಗಳ ಚಿತ್ರ ಬಿಡಿಸುವ ಬ್ರಷ್ಷಿನಿಂದ ಜಾಲರಿಯ ಸಂದು ಸಂದನ್ನೂ ಗುಡಿಸಿ, ಹೊರಗಿನಿಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. ನಾಲ್ಕನೇ ಸಲ ಮಾತನಾಡಿದ ಹೆಣ್ಣುಮಗಳು, "ಅಡುಗೆಯಲ್ಲಿ ಒಗ್ಗರಣೆ ಕಡಿಮೆ ಮಾಡಿ ನೋಡಿ ಸರ್" ಎಂದಳು. ಇದನ್ನು ಕೇಳಿ ನಮ್ಮ ಮನೆಯವರು ಫೋನ್ ಕಿತ್ತುಕೊಂಡು ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಒಗ್ಗರಣೆಯ ತಂಟೆ ಇರಲಿಲ್ಲ ಎಂದಲ್ಲ. ಒಣಮೆಣಸಿನಕಾಯಿ ಹಾಕಿದಾಗೆಲ್ಲ ಪ್ಯಾಸೇಜಿನದು ಮೂರು ಮೂರು ಸಲ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಆದರೆ ಅದು ಹೊಗೆಯ ಕೂಗು, ಘಾಟು ಇಳಿದರೆ ತಾನೇ ನಿಲ್ಲುತ್ತದೆ. ಅದಕ್ಕೂ ಹೊಣೆ ನೀವೇ. ಒಲೆಯಿಂದ 10 ಅಡಿ ದೂರ ಇರಲಿ ಎಂದು ನಿಮ್ಮದೇ ಕೈಪಿಡಿ ಹೇಳುತ್ತದೆ. ನಿಮ್ಮ ಹುಡುಗ ಹಾಕಿಹೋದದ್ದು ಐದೂವರೆ ಅಡಿಗೆ, ಟೇಪ್ ಹಿಡಿದು ಅಳೆದಿದ್ದೇನೆ.

ಡಿಸೆಂಬರ್ 9ಕ್ಕೆ ಅದೇ ಹುಡುಗ ಬಂದ. ಸ್ಟೂಲ್ ಹತ್ತಿದ, ಪ್ಯಾಸೇಜಿನ ಅಲಾರಂ ಬಿಚ್ಚಿ ಏನೋ ಮಾಡಿ ಮತ್ತೆ ತಿರುಗಿಸಿ ಕೂರಿಸಿದ. ಸದ್ದು ನಿಂತಿತು. ಹಾಲಿನದಕ್ಕೆ ಪಾರ್ಟ್ ಬರಬೇಕು ಎಂದ. ನನ್ನ ಫೋನಿಗೆ ಬಂದ ಒಟಿಪಿ ಕೇಳಿದ, ಕೊಟ್ಟೆ. ಅವನು ಗೇಟು ದಾಟುವ ಮೊದಲೇ 'ನಿಮ್ಮ ದೂರು ಪರಿಹಾರವಾಗಿದೆ' ಎಂದು ಮೆಸೇಜು ಬಂತು.

ಸಂಕ್ರಾಂತಿಗೆ ಮೂರು ದಿನ ಇದ್ದಾಗ ನಮ್ಮ ಮನೆಯವರು ಹೋಳಿಗೆಗೆಂದು ಶೇಂಗಾ ಹುರಿಯುತ್ತಿದ್ದರು. ಮಗಳ ಫೋನ್ ಬಂತು, ಮಾತಾಡುತ್ತಾ ಹಿತ್ತಲಿಗೆ ಹೋದರು. ನಾನು ಮುಂದಿನ ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಮೂಗಿಗೆ ಕಮಟು ವಾಸನೆ ಬಡಿದು ಒಳಗೆ ಓಡಿದರೆ ಬಾಣಲಿಯಲ್ಲಿ ಶೇಂಗಾ ಇದ್ದಲಿನಂತಾಗಿದೆ, ಪ್ಯಾಸೇಜಿನಲ್ಲಿ ಎದುರಿನ ಗೋಡೆಯ ಕ್ಯಾಲೆಂಡರ್ ಕಾಣುತ್ತಿಲ್ಲ. ತಲೆಯ ಮೇಲಿದ್ದ ಅಲಾರಂ ಉಸಿರೆತ್ತಿಲ್ಲ. ಹಾಲಿನದು ಮಾತ್ರ ಎಂದಿನಂತೆ 40 ಸೆಕೆಂಡಿಗೊಮ್ಮೆ ಟೀಕ್ ಎನ್ನುತ್ತಿತ್ತು. ಅದನ್ನು ಕೇಳಿ ಏಳುವುದನ್ನು ನಾವು ಬಿಟ್ಟು ಎಷ್ಟೋ ದಿನವಾಗಿತ್ತು.

ಗ್ಯಾಸ್ ಆರಿಸಿ, ಕಿಟಕಿ ತೆರೆದು, ಸ್ಟೂಲ್ ಹಾಕಿ ಪ್ಯಾಸೇಜಿನ ಅಲಾರಂ ಬಿಚ್ಚಿದೆ. ಒಳಗೆ ಬ್ಯಾಟರಿಯೇ ಇಲ್ಲ. ನಿಮ್ಮವನು ಮಾಡಿದ ರಿಪೇರಿ ಅದು.

ನಿಜವಾದ ಸಂಗತಿ ತಿಳಿದದ್ದು ಅವತ್ತೇ. ಮಸಿ ಒರೆಸುವಾಗ ಹಿಂಭಾಗದಲ್ಲಿ ನೀವು ಅಂಟಿಸಿದ ವಾರಂಟಿ ಸ್ಟಿಕ್ಕರಿನ ಮೂಲೆ ಎದ್ದಿತು. ಕೊಬ್ಬರಿ ಎಣ್ಣೆ ಸವರಿ ನಿಧಾನಕ್ಕೆ ಬಿಡಿಸಿದೆ. ಅಡಿಯಲ್ಲಿ ತಯಾರಾದ ತಿಂಗಳು: ಮಾರ್ಚ್ 2014. ಕೆಳಗಿನ ಸಾಲಿನಲ್ಲಿ, 10 ವರ್ಷಕ್ಕೆ ಬದಲಿಸಿ. ಅಂದರೆ ನಮ್ಮ ಮನೆಗೆ ಬರುವ ಮೊದಲೇ ಅದರ ಆಯುಸ್ಸು ಮುಗಿದಿತ್ತು. ಉಳಿದ ಮೂರನ್ನೂ ಇಳಿಸಿ ನೋಡಿದೆ, ಅದೇ ಸ್ಟಿಕ್ಕರ್, ಅಡಿಯಲ್ಲಿ ಅದೇ ತಿಂಗಳು.

ಗೋಡೌನಿನಲ್ಲಿ ಕೊಳೆತ ಹಳೇ ಸ್ಟಾಕ್ ಎಂದು ನೀವು ಹೇಳಬಹುದು. ಅದೂ ಅಲ್ಲ. ಹಾಲಿನ ಅಲಾರಂನ ಅಂಚಿಗೆ ಉಗುರಗಲ ನೀಲಿ ಡಿಸ್ಟೆಂಪರ್ ಅಂಟಿದೆ. ನಮ್ಮ ಮನೆಗೆ ಕಟ್ಟಿಸಿದಂದಿನಿಂದ ಸುಣ್ಣದ ಬಿಳಿ ಬಿಟ್ಟು ಬೇರೆ ಬಣ್ಣ ಹೊಡೆಸಿಲ್ಲ. ಯಾರದೋ ಗೋಡೆಯಲ್ಲಿ ಹತ್ತು ವರ್ಷ ದುಡಿದ ಮಾಲನ್ನು ಒರೆಸಿ, ಸ್ಟಿಕ್ಕರ್ ಅಂಟಿಸಿ ನನಗೆ ಮಾರಿದ್ದೀರಿ. ಅವಧಿ ಮುಗಿದರೂ ಈ ಯಂತ್ರ ಟೀಕ್ ಎನ್ನುತ್ತದೆ, ಬ್ಯಾಟರಿ ಇಳಿದರೂ ಟೀಕ್ ಎನ್ನುತ್ತದೆ. ಆ ಗೊಂದಲದಲ್ಲಿ ನನ್ನಿಂದ ನಾಲ್ಕು ಬ್ಯಾಟರಿ ಕೊಳ್ಳಿಸಿದಿರಿ.

ಹಳೇ ಮಾಲನ್ನು ಹೊಸದೆಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ನನಗೆ ಪಿಂಚಣಿ ಕಡಿಮೆ, ಪುರುಸೊತ್ತು ಜಾಸ್ತಿ.

ಪತ್ರ ತಲುಪಿದ 15 ದಿನದೊಳಗೆ ನಾಲ್ಕೂ ಅಲಾರಂ ಬದಲಿಸಿಕೊಡಿ. ತಯಾರಾದ ದಿನಾಂಕವನ್ನು ಹಾಕುವ ಮೊದಲು ನನಗೆ ತೋರಿಸಬೇಕು, ಬಿಲ್ಲಿನಲ್ಲೂ ಬರೆಯಬೇಕು. ಪ್ಯಾಸೇಜಿಗೆ ಬೆಳಕಿನಿಂದ ಹೊಗೆ ಗುರುತಿಸುವ ಫೋಟೋಎಲೆಕ್ಟ್ರಿಕ್ ಬಗೆಯದೇ ಬೇಕು, ಅದು ಒಗ್ಗರಣೆಗೆ ಅಷ್ಟು ಬೆಚ್ಚುವುದಿಲ್ಲ. ಒಲೆಯಿಂದ 10 ಅಡಿ ದೂರಕ್ಕೆ ಹಾಕಿ. ಬ್ಯಾಟರಿಯ ದುಡ್ಡು ಕೊಡಿ. ಹಳೆಯ ನಾಲ್ಕನ್ನೂ ರಸೀದಿ ಬರೆದುಕೊಟ್ಟು ನೀವೇ ಒಯ್ಯಬೇಕು. ಅವುಗಳ ಮೇಲೆ ಅಮೆರಿಷಿಯಂ-241 ಎಂದಿದೆ, ವಿಕಿರಣ ವಸ್ತು. ಪಾಲಿಕೆಯ ಕಸದ ಗಾಡಿಗೆ ಹಾಕುವ ಸಾಮಾನಲ್ಲ. ಒಯ್ದು ಇನ್ನೊಬ್ಬರ ಮನೆಗೆ ಹಾಕಬೇಡಿ ಎಂದೂ ಬರೆಯಬೇಕಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ. ಕ್ರಮಸಂಖ್ಯೆಗಳ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಬಿಲ್ಲಿನ ಪ್ರತಿ, ಸ್ಟಿಕ್ಕರ್ ಬಿಡಿಸುವ ಮುಂಚಿನ ಮತ್ತು ನಂತರದ ಫೋಟೋಗಳು, ಡಿಸೆಂಬರ್ 9ರ ಮೆಸೇಜು ಇದರೊಂದಿಗೆ ಇವೆ. ಈ ಸಲ ಒಟಿಪಿಯನ್ನು ನಾಲ್ಕೂ ಅಲಾರಂ ಒತ್ತಿ ಕೂಗಿಸಿ ನೋಡಿದ ಮೇಲೆಯೇ ಕೊಡುವುದು. ಬರುವ ಹುಡುಗನಿಗೆ ಏಣಿ ತರಲು ಹೇಳಿ. ನಮ್ಮ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತದೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)