ಹಿರಿಯರ ಕಾರ್ಡಿನಲ್ಲಿ ಅವರ ಮಾತಿಗೂ ಒಂದು ಸಾಲು ಕೊಡಿ

ಕಲಬುರಗಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ ಇದ್ದಾರೆ. ಶುಗರ್, ಬಿಪಿ, ಮೊಣಕಾಲು ನೋವು ಮೂರೂ ಇವೆ. ಅವರನ್ನು ದವಾಖಾನೆಗೆ ಕರೆದುಕೊಂಡು ಹೋದಾಗೆಲ್ಲ ಅವರ ವಯಸ್ಸಿನ ಬಹಳ ಮಂದಿಯ ಮಾತು ಕಿವಿಗೆ ಬೀಳುತ್ತದೆ. ಅದನ್ನೆಲ್ಲ ಕೇಳಿ ನಿಮ್ಮಲ್ಲಿ ಒಂದೇ ಒಂದು ಬೇಡಿಕೆ ಇಡುತ್ತಿದ್ದೇನೆ. ಶುಗರ್, ಬಿಪಿಯಂಥ ದೀರ್ಘಕಾಲದ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ಗೆ ಬರುವ ಪ್ರತಿ ಹಿರಿಯರನ್ನೂ "ನಿಮಗೆ ಏನು ಮಾಡಲು ಆಗಬೇಕು?" ಎಂದು ಕೇಳಿಸಿ. ಅವರು ಹೇಳಿದ್ದನ್ನು ಅವರ ಕಾರ್ಡಿನಲ್ಲೇ ಬರೆಸಿ.

ಈಗ ಆಗುತ್ತಿರುವ ಕೆಲಸ ಕಡಿಮೆ ಏನಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ಫಾರ್ಮ್ ತುಂಬುತ್ತಾರೆ. ತಂಬಾಕು ಉಂಟಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ ಎಂದು ಕೇಳುತ್ತಾರೆ. ಗುಳಿಗೆ ಪುಕ್ಕಟೆ ಸಿಗುತ್ತದೆ. ಆದರೆ ಸಾಲಿನಲ್ಲಿ ಕುಂತ ಅಜ್ಜಿಯರು ತಮ್ಮ ತಮ್ಮಲ್ಲಿ ಆಡುವ ಮಾತೇ ಬೇರೆ. "ನಂಬರ್ ಎಷ್ಟರ ಇರಲಿ, ತೊಗರಿ ಹೊಲ ನೋಡಿ ಬರ್ಲಾಕ ಆದರ ಸಾಕ್ರಿ." ಒಬ್ಬರಿಗೆ ಕುಂತು ರೊಟ್ಟಿ ಬಡಿಯಬೇಕು. ಇನ್ನೊಬ್ಬರಿಗೆ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ನಿಂತು ನೋಡಬೇಕು. ಮತ್ತೊಬ್ಬರಿಗೆ ಉರುಸಿಗೆ ಬಂದೇನವಾಜ್ ದರ್ಗಾಕ್ಕೆ ಹೋಗಬೇಕು. ಇದ್ಯಾವುದೂ ಡಾಕ್ಟರರ ಮೇಜಿನ ತನಕ ಹೋಗುವುದೇ ಇಲ್ಲ.

ಹೋಗದೇ ಇದ್ದರೆ ಏನಾಗುತ್ತದೆ ಗೊತ್ತಾ? ಮೊಣಕಾಲು ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ಹಾಗಾಗಿ ನಮ್ಮವರು ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ತಾವೇ ತಂದು ನುಂಗುತ್ತಾರೆ. ಅದು ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಮುಂದಿನ ಸಲ ಬಿಪಿ ಜಾಸ್ತಿ ಬಂತೆಂದು ಬಿಪಿ ಗುಳಿಗೆ ಹೆಚ್ಚಾಗುತ್ತದೆ. "ನಡೀಲಾಕ ಆಗಬೇಕ್ರಿ" ಎಂಬ ಮಾತನ್ನು ಮೊದಲೇ ಕೇಳಿಸಿಕೊಂಡಿದ್ದರೆ ಚಿಕಿತ್ಸೆ ಕಾಲಿನಿಂದಲೇ ಶುರುವಾಗುತ್ತಿತ್ತು. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಹೇಳಿಕೊಡಬಹುದಿತ್ತು. ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಮೆತ್ತನೆ ಅಟ್ಟೆಯ ಎಂಸಿಆರ್ ಚಪ್ಪಲಿ ಕೊಡಿಸಬಹುದಿತ್ತು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಜಿಲ್ಲೆ ನಮ್ಮದು. ಸುಮ್ನೆ "ದಿನಾ ನಡೀರಿ" ಎಂದರೆ ಯಾವಾಗ, ಎಲ್ಲಿ ನಡೆಯಬೇಕು?

ಬಿಪಿಗೆ ಕೊಡುವ ನೀರಿನ ಗುಳಿಗೆಯದೂ ಇದೇ ಕಥೆ. ಅದನ್ನು ತೆಗೆದುಕೊಂಡರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು. ಬಸ್ಸಿನಲ್ಲಿ ಮಗಳ ಊರಿಗೆ ಹೊರಟ ಹೆಣ್ಣುಮಕ್ಕಳು ಏನು ಮಾಡಬೇಕು? ಅವತ್ತು ಗುಳಿಗೆ ಬಿಟ್ಟುಬಿಡುತ್ತಾರೆ, ಡಾಕ್ಟರಿಗೆ ಹೇಳುವುದಿಲ್ಲ. "ಮಗಳ ಮನೆಗೆ ಹೋಗಿ ಬರಬೇಕು" ಎಂದು ಕಾರ್ಡಿನಲ್ಲಿ ಇದ್ದರೆ ಆ ದಿನದ ಗುಳಿಗೆಯ ಹೊತ್ತನ್ನು ಡಾಕ್ಟರೇ ಹೊಂದಿಸಿ ಕೊಡಬಹುದು.

ಉಪವಾಸದ ವಿಷಯವಂತೂ ಜೀವಕ್ಕೇ ಸಂಬಂಧಿಸಿದ್ದು. ಶ್ರಾವಣ ಸೋಮವಾರವಾಗಲಿ, ರಂಜಾನ್ ರೋಜಾ ಆಗಲಿ, ನಮ್ಮ ಹಿರಿಯರು ಬಿಡುವವರಲ್ಲ. ಊಟ ಬಿಟ್ಟು ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆ ನುಂಗಿದರೆ ಸಕ್ಕರೆ ಏಕಾಏಕಿ ಇಳಿದು ತಲೆ ತಿರುಗಿ ಬೀಳುತ್ತಾರೆ. ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡವರು ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಎಲ್ಲರಿಗೂ ಒಂದೇ ನಂಬರ್ ಗುರಿ ಬೇಡವೆಂದು ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ನಿನ ಮಾರ್ಗಸೂಚಿಯೂ ಹೇಳುತ್ತದೆ. ಗಟ್ಟಿಮುಟ್ಟಾದ ಹಿರಿಯರಿಗಿಂತ ಹಲವು ಕಾಯಿಲೆ ಇರುವವರಿಗೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ (HbA1c) ಗುರಿ ಸಡಿಲ, ಶೇಕಡಾ 8ರ ಒಳಗಿದ್ದರೆ ಸಾಕು.

ಹೀಗೆ ಕೇಳಿ ಚಿಕಿತ್ಸೆ ಕೊಟ್ಟು ನೋಡಿದವರೂ ಇದ್ದಾರೆ. ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟ್ಟಿ ಮತ್ತು ಜೊತೆಗಾರರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಲವು ಕಾಯಿಲೆಗಳಿದ್ದ ಹಿರಿಯರ ಗುರಿಯನ್ನು ಮೊದಲು ಕೇಳಿದಾಗ ಬೇಡದ ಔಷಧ ನಿಲ್ಲಿಸಿದ್ದು ಹೆಚ್ಚಾಯಿತು, ಚಿಕಿತ್ಸೆಯೇ ಹೊರೆ ಎನಿಸುವುದು ಕಡಿಮೆಯಾಯಿತು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಒಂದು ದಿನದ ತರಬೇತಿ ಕೊಡಿಸಿ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ, ನಮ್ಮ ಕಡೆಯ ಕನ್ನಡದಲ್ಲೇ ಬರೆಯಲಿ. ಉರ್ದು ಆಡುವವರದನ್ನೂ ಕೇಳಿ ಬರೆಯಲಿ. ಮೂರು ತಿಂಗಳಿಗೊಮ್ಮೆ ಆ ಸಾಲನ್ನು ಓದಿ ಹೇಳಿ, "ಎಲ್ಲಿಗೆ ಬಂತು?" ಎಂದು ವಿಚಾರಿಸಲಿ. ಮಗನೋ ಸೊಸೆಯೋ ಜೊತೆಗೆ ಬಂದರೂ ಉತ್ತರ ಹಿರಿಯರ ಬಾಯಿಂದಲೇ ಬರಬೇಕು. ಈ ಕೆಲಸವನ್ನು ಆಶಾಗಳ ತಲೆ ಮೇಲೆ ಹಾಕುವುದಾದರೆ ದಯವಿಟ್ಟು ಅದಕ್ಕೆ ಪ್ರೋತ್ಸಾಹಧನವನ್ನೂ ಕೊಡಿ. ಅವರ ಕೈಯಲ್ಲಿ ಈಗಲೇ ಕೆಲಸ ಬಹಳ ಇದೆ, ಅಲ್ವಾ?

ಮೊದಲು ಆಳಂದ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಶುರು ಮಾಡಿ ನೋಡಿ. ಬರೆದುಕೊಳ್ಳಲು, ಓದಿ ಹೇಳಲು ಜನ ಸಾಲದಿದ್ದರೆ ಭಾನುವಾರ ನಾನು ಬರುತ್ತೇನೆ. ನಮ್ಮ ಶಾಲೆಯ ಇನ್ನಿಬ್ಬರು ಶಿಕ್ಷಕಿಯರೂ ಒಪ್ಪಿದ್ದಾರೆ.

ಇಂತಿ,
ಆಳಂದ ತಾಲ್ಲೂಕಿನ ಶಿಕ್ಷಕಿ