ಎರಡನೆಯ ಭಾಗ ಬರೆಯುತ್ತಿರುವ ಅಳಿಯನಿಗೆ

ರಾಯಚೂರು

ಚಿರಂಜೀವಿ ಅಳಿಯನಿಗೆ, ನಿನ್ನ ಸೋದರಮಾವನ ಅನೇಕ ಆಶೀರ್ವಾದಗಳು.

ನಿನ್ನ ಕಾದಂಬರಿಯ ಸಾವಿರ ಪ್ರತಿಗಳ ಮೊದಲ ಮುದ್ರಣ ಮುಗಿಯುತ್ತ ಬಂದಿದೆಯೆಂದೂ, ಎರಡನೆಯ ಭಾಗವನ್ನು ಬೇಗ ಕೊಡೆಂದು ಪ್ರಕಾಶಕರು ಬೆನ್ನು ಹತ್ತಿದ್ದಾರೆಂದೂ ನಿನ್ನ ಅವ್ವ ಫೋನಿನಲ್ಲಿ ತಿಳಿಸಿದಳು. ಕೇಳಿ ಸಂತೋಷವಾಯಿತು. ಬರೆದವನೇ ತನ್ನ ಪುಸ್ತಕವನ್ನು ಊರೂರಿಗೆ ಹೊತ್ತೊಯ್ದು ಪರಿಚಯಿಸಬೇಕಾದ ಕಾಲವಿದು. ಆದ್ದರಿಂದ ಸಭೆಗಳಿಗೆ ಹೋಗಬೇಡವೆಂದು ನಾನು ಹೇಳಲಾರೆ. ನನ್ನ ಆತಂಕ ಆ ಸಭೆಗಳಲ್ಲಿ ನೀನು ಆಡುವ ಮಾತಿನ ಬಗ್ಗೆ.

ಇಲ್ಲಿ ನಡೆದ ಸಂವಾದದಲ್ಲಿ ನೀನು 1520ರ ರಾಯಚೂರು ಯುದ್ಧವನ್ನು ವರ್ಣಿಸುತ್ತ, ಕೃಷ್ಣದೇವರಾಯನ ಸೈನ್ಯದಲ್ಲಿ 7,03,000 ಕಾಲಾಳುಗಳೂ 32,600 ಕುದುರೆಗಳೂ 551 ಆನೆಗಳೂ ಇದ್ದವೆಂದು ಗಂಭೀರವಾಗಿ ಹೇಳಿದೆ, ಚಪ್ಪಾಳೆಯೂ ಬಿತ್ತು. ಅದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಲೆಕ್ಕ. ಕಾದಂಬರಿಯಲ್ಲಿ ನೀನೇ ಆ ಲೆಕ್ಕವನ್ನು ಒಬ್ಬ ಬಡಾಯಿಗಾರನ ಬಾಯಲ್ಲಿಟ್ಟು, ಪಕ್ಕದಲ್ಲಿದ್ದ ಲಾಳ ಕಟ್ಟುವವನು ನಗುವಂತೆ ಬರೆದಿದ್ದೀಯಲ್ಲ! ಆ ನಗು ವೇದಿಕೆಗೆ ಬರುವಷ್ಟರಲ್ಲಿ ಎಲ್ಲಿಗೆ ಹೋಯಿತು? ಒಂದೇ ಕಥೆಯನ್ನು ಹತ್ತು ಊರುಗಳಲ್ಲಿ ಹೇಳುವವನು ಜನ ತಲೆದೂಗಿದ ಮಾತನ್ನು ಉಳಿಸಿಕೊಂಡು, ಜನ ಸುಮ್ಮನಿದ್ದ ಮಾತನ್ನು ಬಿಡುತ್ತಾ ಹೋಗುತ್ತಾನೆ. ಕೊನೆಗೆ ತಾನು ಬರೆದ ಪುಸ್ತಕವನ್ನು ಮರೆತು, ತಾನು ಹೇಳುತ್ತಿರುವ ಪುಸ್ತಕವನ್ನೇ ಮುಂದುವರಿಸಲು ಕೂಡುತ್ತಾನೆ. ನಿನ್ನ ಎರಡನೆಯ ಭಾಗಕ್ಕೆ ಇದಕ್ಕಿಂತ ದೊಡ್ಡ ಅಪಾಯ ನನಗೆ ಕಾಣುವುದಿಲ್ಲ.

ಅದರಲ್ಲೂ ಈ ಭಾಗದ ವಸ್ತುವೇ ಬೇರೆ. 1529ರಲ್ಲಿ ರಾಯ ತೀರಿಕೊಂಡು ಅಚ್ಯುತದೇವರಾಯನಿಗೆ ಪಟ್ಟವಾಯಿತು. ಸ್ವಲ್ಪ ಕಾಲದಲ್ಲೇ, 1520ರಲ್ಲಿ ಸೋತಿದ್ದ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ರಾಯಚೂರು, ಮುದಗಲ್ಲುಗಳನ್ನು ಮರಳಿ ಪಡೆದ. ಗೆದ್ದ ಕೋಟೆ ಕೈತಪ್ಪಿದ ಕಥೆಯನ್ನು, ಗೆಲುವಿಗಾಗಿ ಚಪ್ಪಾಳೆ ತಟ್ಟಿದ ಓದುಗರಿಗೆ ನೀನು ಕೊಡಬೇಕಾಗಿದೆ. ರಾಯನ ಪರವಾಗಿ ಕಾದಿದ ಪೋರ್ಚುಗೀಸ ಫಿಗೈರೆದೊ ಮತ್ತು ಅವನ ಬಂದೂಕಿನವರು ಮತ್ತೆ ಬರುತ್ತಾರೆಯೇ ಎಂದು ಸಭೆಯಲ್ಲಿ ಒಬ್ಬ ಹುಡುಗ ಕೇಳಿದಾಗ ನೀನು ತಕ್ಷಣ ಒಪ್ಪಿಕೊಂಡುಬಿಟ್ಟೆ. ಬರೆಯದ ಅಧ್ಯಾಯವನ್ನು ಹೀಗೆ ಮಾತು ಕೊಟ್ಟು ಮಾರಬೇಡ. ನನ್ನನ್ನು ಕೇಳಿದರೆ, ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಗೋಡೆಯ ಮೇಲಿನಿಂದ ಕಾದಾಡುತ್ತಿದ್ದವರನ್ನು ಬಂದೂಕಿನವರು ಹೊಡೆಯುತ್ತಿದ್ದಾಗ ಕೆಳಗೆ ಗೋಡೆಯ ಕಲ್ಲು ಕಿತ್ತು ತಂದು, ಕಲ್ಲಿನ ಗಾತ್ರಕ್ಕೆ ತಕ್ಕಂತೆ ನಾಯಕರಿಂದ ಹಣ ಪಡೆದ ಹೆಸರಿಲ್ಲದ ಆಳುಗಳಿದ್ದಾರಲ್ಲ, ಎರಡನೆಯ ಭಾಗ ಅವರದಾಗಬೇಕು. ಕೋಟೆಯ ಮೇಲಿನ ಬಾವುಟ ಬದಲಾದಾಗಲೂ ಹೊಟ್ಟೆಪಾಡಿಗಾಗಿ ಅದೇ ಗೋಡೆಯನ್ನು ಮತ್ತೆ ಕಟ್ಟುವವರು ಅಂಥವರೇ ಅಲ್ಲವೇ? ಇದು ಮುದುಕನೊಬ್ಬನ ಆಸೆ. ಬರೆಯುವವನು ನೀನು, ಬೇಡವೆನಿಸಿದರೆ ಬಿಡು.

ಇನ್ನು ದಿನಚರಿಯ ವಿಷಯ. ಕಾರ್ಯಕ್ರಮವಿರುವ ದಿನ ಹೊಸ ಅಧ್ಯಾಯಕ್ಕೆ ಕೈ ಹಾಕಬೇಡ; ರೈಲಿನಲ್ಲಿ ಕುಳಿತು ಮೊದಲ ಭಾಗವನ್ನು ಪರಕೀಯನಂತೆ ಓದು. ಯಾರ ಯಾವ ತೋಳಿಗೆ ಗಾಯವಾಗಿತ್ತು, ಯಾರ ವಯಸ್ಸೆಷ್ಟು, ಯಾರಿಗೆ ಯಾರು ಸಾಲ ಕೊಡಬೇಕಾಗಿತ್ತು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ಏಕೆಂದರೆ ಓದುಗರು ಅದನ್ನು ನಿನಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಶಾಲು, ಹಾರ, ಫೋಟೋಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಕರೆದ ಕಡೆಗೆಲ್ಲ ಹೋಗಬೇಕೆಂದಿಲ್ಲ. ಹೋದಲ್ಲಿ ಭಾಷಣವನ್ನು ಕಡಿಮೆ ಮಾಡಿ, ಪುಸ್ತಕದಿಂದಲೇ ಎರಡು ಪುಟ ಓದಿ ಹೇಳು. ಆಗ ಬರೆದ ಮಾತು ನಿನ್ನ ನಾಲಗೆಯ ಮೇಲೆ ಬದಲಾಗದೆ ಉಳಿಯುತ್ತದೆ.

ಸಿಂಧನೂರಿನ ಕಾರ್ಯಕ್ರಮಕ್ಕೆ ಬರುವಾಗ ಒಂದು ದಿನ ಬಿಡುವು ಮಾಡಿಕೊಂಡು ಬಾ. ಮುದಗಲ್ಲಿನ ಕೋಟೆಗೆ ಹೋಗಿ ಬರೋಣ. ಬಿಸಿಲೇರುವ ಮುನ್ನ ಹೊರಡಬೇಕು, ಮಧ್ಯಾಹ್ನದ ನಂತರ ನನ್ನ ಮೊಣಕಾಲು ಕೇಳುವುದಿಲ್ಲ. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಎರಡು ಪ್ರತಿ ಬೇಕಾಗಿವೆ, ಬಿಲ್ಲಿನ ಸಮೇತ ತಾ.

ಇತಿ ನಿನ್ನ ಸೋದರಮಾವ