ರೊಟ್ಟಿ ಬಡಿಯುವವರು ಇಬ್ಬರಾದಾಗ

ಎಲ್ಲರಿಗೂ ನಮಸ್ಕಾರ.

ಈ ಸಲ ಊರಿಗೆ ಹೋದಾಗ ತಂಗಿಯ ಮಗಳನ್ನು ಕರ್ಕೊಂಡು ಬಾಗಲಕೋಟೆಯ ಹಿನ್ನೀರಿನ ದಂಡೆಗೆ ಹೋಗಿದ್ದೆ. ಆಲಮಟ್ಟಿಯ ನೀರು ನಿಂತ ಮೇಲೆ ಹಳೇ ಊರಿನ ಎಷ್ಟೋ ಓಣಿಗಳು ಮುಳುಗಿದವು. ದಂಡೆಯಲ್ಲಿ ಒಬ್ಬರು ಮೀನು ಸೀಳುತ್ತಿದ್ದರು. ಹೊಟ್ಟೆ ತುಂಬಾ ತತ್ತಿ, ನೆನೆಸಿದ ರವೆಯ ಹಾಗೆ. "ಮಾಮಾ, ಇಷ್ಟ ಸಣ್ಣ ತತ್ತಿಗೆ ಕಣ್ಣ ಎಲ್ಲಿ, ರೆಕ್ಕಿ ಎಲ್ಲಿ ಮೂಡಬೇಕಂತ ಹೆಂಗ ಗೊತ್ತಾಗತೈತಿ?" ಅಂದಳು.

ಇಂಥದೇ ಪ್ರಶ್ನೆಯ ಬೆನ್ನು ಹತ್ತಿದವರು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಜಾನ್ ಪೋಸ್ಟ್ಲ್‌ವೇಟ್. ಮೊದಲು ಹಣ್ಣಿನ ನೊಣದಲ್ಲಿ, ಆಮೇಲೆ ಪಟ್ಟೆಪಟ್ಟೆಯ ಪುಟ್ಟ ಜೀಬ್ರಾ ಮೀನಿನಲ್ಲಿ ಉತ್ತರ ಹುಡುಕಿದರು. ಅಲ್ಲಿಯೇ ಇದ್ದ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಈ ಮೀನಿನ ತದ್ರೂಪಿ ಮಾಡಿ ದಾರಿ ತೆರೆದಿದ್ದರು. ಮೀನು ಮಾತ್ರ ನಮ್ಮದೇ. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಹ್ಯಾಮಿಲ್ಟನ್ ಅದರ ವಿವರ ಬರೆದಿದ್ದರು. ಅದರ ಭ್ರೂಣ ಗಾಜಿನಂತೆ ಪಾರದರ್ಶಕ. ಸುಮಾರು ಒಂದು ದಿನಕ್ಕೇ ಹೃದಯ ಬಡಿಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ದೇಹದ ಯಾವ ಭಾಗ ಎಲ್ಲಿ ಅಂತ ಹೇಳುವ ಹಾಕ್ಸ್ ಜೀನ್‌ಗಳ ಗುಂಪು ನಮ್ಮಲ್ಲಿ 4. ಜೀಬ್ರಾ ಮೀನಿನಲ್ಲಿ 7 ಇವೆ ಅಂತ ಪೋಸ್ಟ್ಲ್‌ವೇಟ್ ಅವರ ತಂಡ 1998ರಲ್ಲಿ ತೋರಿಸಿತು. 30 ಕೋಟಿ ವರ್ಷಕ್ಕೂ ಹಿಂದೆ ಈ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್, ಅಂದರೆ ಎಲ್ಲ ಜೀನ್‌ಗಳ ಗಂಟು, ಎರಡು ಪ್ರತಿಯಾಗಿತ್ತು. 4 ಇದ್ದದ್ದು 8 ಆಗಿ, ಒಂದು ಕಳೆದುಹೋಯಿತು.

ಹಾಗಾದರೆ ಉಳಿದ ಜೋಡಿಗಳು ಏನು ಮಾಡುತ್ತವೆ? ನನಗೆ ತುಂಬಾ ಇಷ್ಟವಾದದ್ದು ಇದೇ. ಮನೆಯಲ್ಲಿ ಒಬ್ಬಳೇ ಇದ್ದರೆ ಜೋಳದ ರೊಟ್ಟಿ ಬಡಿಯುವುದೂ ಅವಳೇ, ಹಂಚಿನ ಮೇಲೆ ಬೇಯಿಸುವುದೂ ಅವಳೇ. ಇಬ್ಬರಾದರೆ ಒಬ್ಬಳು ಬಡಿಯುತ್ತಾಳೆ, ಇನ್ನೊಬ್ಬಳು ಒಲೆ ಮುಂದೆ ಕೂರುತ್ತಾಳೆ. ವರ್ಷಗಟ್ಟಲೆ ಹೀಗೇ ನಡೆದರೆ ಒಬ್ಬಳಿಗೆ ಬೇಯಿಸುವ ಕೈ ತಪ್ಪುತ್ತದೆ, ಇನ್ನೊಬ್ಬಳಿಗೆ ಬಡಿಯುವ ಕೈ. ಆಮೇಲೆ ಇಬ್ಬರೂ ಬೇಕೇ ಬೇಕು, ಅಲ್ವಾ? ಇಲಿಯಲ್ಲಿ ಎಂಗ್ರೇಲ್ಡ್ ಎಂಬ ಒಂದು ಜೀನ್ ಮುಂಗಾಲು ಮೂಡುವಲ್ಲೂ ನರಕೋಶಗಳಲ್ಲೂ ದುಡಿಯುತ್ತದೆ. ಜೀಬ್ರಾ ಮೀನಿನಲ್ಲಿ ಅದರ ಒಂದು ಪ್ರತಿ ಎದೆಯ ರೆಕ್ಕೆಗೆ, ಇನ್ನೊಂದು ನರಕೋಶಗಳಿಗೆ. ಪೋಸ್ಟ್ಲ್‌ವೇಟ್ ಮತ್ತು ಜೊತೆಗಾರರು 1999ರಲ್ಲಿ ಇದನ್ನು ಬಿಡಿಸಿ ಹೇಳಿದರು. ಅಂಟಾರ್ಕ್ಟಿಕಾದ ಹಿಮಮೀನುಗಳ ಅಧ್ಯಯನವನ್ನೂ ಅವರು ಮಾಡಿದ್ದಾರೆ. ಅವುಗಳ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲ!

ಈ ಸಂಚಿಕೆಯಿಂದ ಮಕ್ಕಳ ಪುಟದಲ್ಲಿ ಇಂಥ ಪ್ರಶ್ನೆಗಳಿಗೆ ಜಾಗ ಇಟ್ಟಿದ್ದೇವೆ. ನಮ್ಮ ಕನ್ನಡ ಶಾಲೆಯ ಮಕ್ಕಳು ಬರೆದು ಕಳಿಸಲಿ. ತಪ್ಪು ಕನ್ನಡ ಇದ್ದರೂ ಪರವಾಗಿಲ್ಲ.

ಇದನ್ನೆಲ್ಲ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿದೆ. "ನಮ್ಮ ಹೊಳಿ ಮೀನಕ್ಕೂ ಹಂಗ ಆಗೈತೇನು ಮಾಮಾ?" ಅಂತ ಕೇಳಿದಳು. ಕಟ್ಲಾ, ರೋಹು ಎಲ್ಲದರಲ್ಲೂ ಜೀನೋಮ್ ಹೀಗೆ ಎರಡು ಪ್ರತಿಯಾಗಿದೆ. ಸಾಮಾನ್ಯ ಗೆಂಡೆಗಂತೂ ಅದಾದ ಮೇಲೆ ಇನ್ನೊಂದು ಸಲ.